ರಸಮೇವಿಗೆ ಗಾಳಿ ತಾಗಬಾರದು

ಹಸು ಕಟ್ಟಿರುವ ಅಕ್ಕಂದಿರಿಗೆ, ಅಣ್ಣಂದಿರಿಗೆ ನಮಸ್ಕಾರ. ಸಂಜೆ ಹಾಲು ಡೇರಿಗೆ ಹಾಕಿ ಬಂದು ಕೂತಿದ್ದೀರಿ, ಜಾಸ್ತಿ ಹೊತ್ತು ತಗೊಳ್ಳೋದಿಲ್ಲ. ಹಸಿ ಮೇವನ್ನು ಕತ್ತರಿಸಿ, ಒತ್ತಿ, ಬಿಗಿಯಾಗಿ ಮುಚ್ಚಿ ಹುಳಿ ಬರಿಸಿ ಇಡುತ್ತೇವಲ್ಲ, ಅದೇ ರಸಮೇವು, ಸೈಲೇಜ್. ಅದರ ಬಗ್ಗೆ ಒಂದೇ ಮಾತು. ರಸಮೇವಿಗೆ ಗಾಳಿ ತಾಗಬಾರದು.

ಮುಸುಕಿನ ಜೋಳ ಬಿತ್ತಿ 80-90 ದಿನಕ್ಕೆ ಕಾಳನ್ನು ಉಗುರಲ್ಲಿ ಒತ್ತಿ ನೋಡಿ, ಹಾಲು ಚಿಮ್ಮದೆ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಕೊಯ್ಯಿರಿ. ಚಾಫ್ ಕಟರಿನಲ್ಲಿ ಅರ್ಧ, ಮುಕ್ಕಾಲು ಇಂಚಿಗೆ ಕತ್ತರಿಸಿ. ಒಂದು ಹಿಡಿ ತಗೊಂಡು ಹಿಂಡಿ. ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ, ಸ್ವಲ್ಪ ಬಾಡಲಿ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ಹದ ಸರಿ. ತುಂಡು ದೊಡ್ಡದಾದರೆ ನಡುವೆ ಗಾಳಿ ಉಳಿಯುತ್ತದೆ. ನೋಡಿ, ಮತ್ತೆ ಗಾಳಿಗೇ ಬಂದೆ!

ಈಗ ಬೇಲರ್ ಯಂತ್ರ ಬಂದಿದೆ. ಕತ್ತರಿಸಿದ ಮೇವನ್ನು ಒತ್ತಿ ಉಂಡೆ ಮಾಡಿ, ಬಲೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಪದರ ಪದರವಾಗಿ ಸುತ್ತುತ್ತದೆ. ಚಿಕ್ಕ ಯಂತ್ರದ ಉಂಡೆ 50-60 ಕೆಜಿ ಇರುತ್ತದೆ, ಇಬ್ಬರು ಎತ್ತಬಹುದು. ಎತ್ತಿ ಅಂದೆ, ಎಳೆಯಿರಿ ಅನ್ನಲಿಲ್ಲ.

ಹೋದ ಬೇಸಿಗೆಯಲ್ಲಿ ಮಾಲೂರಿನ ಹತ್ತಿರ ಒಬ್ಬ ಯಜಮಾನರು ಕರೆಸಿದ್ದರು. ಹಸು ಮೂಸಿ ಮುಖ ತಿರುಗಿಸುತ್ತೆ ಸಾರ್, ಯಂತ್ರವೇ ಸರಿಯಿಲ್ಲ ಅಂದರು. ಉಂಡೆಗಳನ್ನು ಕೊಟ್ಟಿಗೆ ಪಕ್ಕ ಜಲ್ಲಿಕಲ್ಲಿನ ಮೇಲೆ ಜೋಡಿಸಿದ್ದರು. ಒಂದನ್ನು ಬಿಚ್ಚಿದೆವು. ಒಂದು ಕಡೆ ಹಳದಿ ಹಸಿರು, ಹುಳಿಮಜ್ಜಿಗೆಯ ಘಮ. ಇನ್ನೊಂದು ಕಡೆ ಅಂಗೈ ಅಗಲ ಕಪ್ಪಾಗಿ ಬಿಳಿ ಬೂಷ್ಟು ಹಿಡಿದಿತ್ತು, ಕೈಯಿಟ್ಟರೆ ಬಿಸಿ. ಅವರ ಸೊಸೆ ಸುಮ್ನೆ ನಿಂತಿದ್ದವರು ಆ ಪ್ಲಾಸ್ಟಿಕ್ ಎತ್ತಿ ಬಿಸಿಲಿಗೆ ಹಿಡಿದರು. ದಬ್ಬಳ ತೂರುವಷ್ಟು ಒಂದು ಬೆಳಕಿನ ಚುಕ್ಕಿ. ಜಲ್ಲಿ ಚುಚ್ಚಿತ್ತು, ಅಷ್ಟೇ! ಯಂತ್ರದ್ದು ಏನೂ ತಪ್ಪಿರಲಿಲ್ಲ. ಆ ಹೆಣ್ಣುಮಗಳು ಅವತ್ತೇ ಉಳಿದ ಉಂಡೆಗಳನ್ನೆಲ್ಲ ತಡವಿ ತಡವಿ ನೋಡಿ ಏಳು ತೂತಿಗೆ ಟೇಪ್ ಅಂಟಿಸಿದರು. ನನಗೆ ಎಷ್ಟು ಖುಷಿಯಾಯಿತು ಅಂದರೆ, ಹೋದಲ್ಲೆಲ್ಲ ಇದನ್ನೇ ಹೇಳುತ್ತಿದ್ದೇನೆ.

ಉಪ್ಪಿನಕಾಯಿ ಜಾಡಿಯ ಬಾಯಿ ಯಾಕೆ ಬಿಗಿಯಾಗಿ ಕಟ್ಟುತ್ತೀರಿ? ಇದೂ ಹಾಗೇ. ಗಾಳಿಯಿಲ್ಲದಿದ್ದರೆ ಒಳಗಿನ ಒಳ್ಳೆಯ ಸೂಕ್ಷ್ಮಜೀವಿಗಳು ಮೇವಿನ ಸಕ್ಕರೆಯನ್ನು ಹುಳಿ ಮಾಡುತ್ತವೆ, ಆ ಹುಳಿಯೇ ಮೇವನ್ನು ಕಾಯುತ್ತದೆ. ಗಾಳಿ ಹೊಕ್ಕರೆ ಬೂಷ್ಟು.

ಸಮಯ ಆಗ್ತಿದೆ ಅಂತ ಕೈ ತೋರಿಸುತ್ತಿದ್ದಾರೆ, ಬೇಗ ಹೇಳುತ್ತೇನೆ. ನೆಲಕ್ಕೆ ಮರಳು ಹಾಸಿ, ಇಲಿ ಬರದ ಹಾಗೆ ನೋಡಿಕೊಳ್ಳಿ, 45 ದಿನ ಮುಟ್ಟಬೇಡಿ. ದೊಡ್ಡ ಹಸುವಿಗೆ ದಿನಕ್ಕೆ 15-20 ಕೆಜಿ, ಮೊದಲ ವಾರ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಹಾಕಿ, ಹಸುವಿಗೆ ಬೇಡ. ಬಿಚ್ಚಿದ ಉಂಡೆಯನ್ನು ಎರಡು ದಿನದೊಳಗೆ ಮುಗಿಸಿ, ಅಲ್ಲಿವರೆಗೆ ಪ್ಲಾಸ್ಟಿಕ್ ಬಿಗಿಯಾಗಿ ಮುಚ್ಚಿಡಿ. ಗಾಳಿ, ಗಾಳಿ! ನಮಸ್ಕಾರ.