ಏಲಕ್ಕಿಯ ಕಟ್ಟೆ ರೋಗ: ಗುರುತು ಮತ್ತು ಹತೋಟಿ

ಕೃಷಿಕ ಬಂಧುಗಳಿಗೆ ನಮಸ್ಕಾರ.

ಕೊಡಗಿನ ಏಲಕ್ಕಿ ಬೆಳೆಗಾರರಿಗೆ ಕಟ್ಟೆ ರೋಗ ಹೊಸದೇನೂ ಅಲ್ಲ. ಬಯಲುಸೀಮೆಯ ಕಬ್ಬಿನ ಎಲೆಗಳನ್ನು ಬಣ್ಣಗೆಡಿಸುವ ಮೊಸಾಯಿಕ್ ವೈರಸ್ ಮತ್ತು ನಮ್ಮ ಏಲಕ್ಕಿಗೆ ಕಟ್ಟೆ ತರುವ ವೈರಸ್ ಎರಡೂ ಪೋಟಿವೈರಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಅಲ್ಲಿ ಬಿತ್ತನೆಯ ತುಂಡು ರೋಗವನ್ನು ಹೊತ್ತು ತಂದರೆ ಇಲ್ಲಿ ನಾವೇ ಕಿತ್ತು ನೆಡುವ ಕಂದು, ಅಂದರೆ ಬುಡದಿಂದ ಒಡೆಯುವ ಮರಿಗಿಡ, ತರುತ್ತದೆ, ಗಿಡದಿಂದ ಗಿಡಕ್ಕೆ ದಾಟಿಸುವ ಕೆಲಸವನ್ನು ಎರಡೂ ಕಡೆ ಸಸ್ಯಹೇನುಗಳು ಮಾಡುತ್ತವೆ.

ರೋಗದ ಮೊದಲ ಗುರುತು ತೀರ ಎಳೆಯ ಎಲೆಯಲ್ಲಿ ಕಾಣುತ್ತದೆ. ಆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ, ನಡುದಿಂಡಿನಿಂದ ಅಂಚಿನವರೆಗೆ, ನರಗಳ ಗುಂಟ, ನಡುನಡುವೆ ತುಂಡಾದಂತಿರುವ ತಿಳಿಹಸಿರು ಗೆರೆಗಳು ಕಣ್ಣಿಗೆ ಬೀಳುತ್ತವೆ; ಮುಂದೆ ಇಡೀ ಎಲೆ ಗೆರೆಗೆರೆಯಾಗಿ, ಎಳೆಯ ಕಾಂಡವನ್ನು ಸುತ್ತಿದ ಪೊರೆಯ ಮೇಲೂ ಮಚ್ಚೆಗಳು ಮೂಡುತ್ತವೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುವುದರಿಂದ, ಇದನ್ನು ಅದೆಂದು ತಿಳಿದು ಯೂರಿಯಾ ಸುರಿಯುವುದು ದಂಡ. ಎಳೆಯ ಪ್ರಾಯದಲ್ಲೇ ಸೋಂಕು ತಗುಲಿದ ಗಿಡದಿಂದ ಫಸಲನ್ನು ನಿರೀಕ್ಷಿಸುವಂತಿಲ್ಲ. ಹೊಸ ಎಲೆಗಳು ಬಿಚ್ಚಿಕೊಳ್ಳದೆ ಹಳೆಯದರಲ್ಲಿ ಸಿಕ್ಕಿಕೊಂಡು ಕೊಕ್ಕೆಯಂತೆ ಬಾಗಿದ್ದರೆ ಅದು ಕೊಕ್ಕೆ ಕಂದು ಎಂಬ ಬೇರೊಂದು ವೈರಸ್ ರೋಗ. ಅದನ್ನು ಹರಡುವುದೂ ಸಸ್ಯಹೇನುಗಳೇ.

ಕಟ್ಟೆ ಹಿಡಿದ ಗಿಡವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. ಹೇನುಗಳು ಕ್ಷಣಮಾತ್ರದಲ್ಲಿ ರಸ ಹೀರಿ ಸೋಂಕು ದಾಟಿಸಿಬಿಡುವುದರಿಂದ ಕೀಟನಾಶಕವನ್ನೇ ನಂಬಿ ಕುಳಿತರೆ ದುಡ್ಡು ಹೋಗುತ್ತದೆಯೇ ಹೊರತು ರೋಗ ನಿಲ್ಲುವುದಿಲ್ಲ. ಉಳಿದಿರುವ ದಾರಿಯೆಂದರೆ ತೋಟವನ್ನು ಆಗಾಗ ಸುತ್ತಿ, ಗುರುತು ಕಂಡ ಗಿಡವನ್ನು ಗಡ್ಡೆಸಹಿತ ಅಗೆದು ನಾಶಮಾಡುವುದು. ಫಸಲು ಬಿಡುತ್ತಿರುವ ಬುಡವನ್ನು ಕೀಳಲು ಯಾರಿಗೂ ಮನಸ್ಸಾಗದು, ಆದರೂ ಕಾಯಿ ಕೊಯ್ದಾದ ಮೇಲೆ ಕೀಳೋಣವೆಂದು ಬಿಟ್ಟರೆ ಅಷ್ಟರೊಳಗೆ ಸುತ್ತಲಿನ ಗಿಡಗಳಿಗೂ ಸೋಂಕು ಹಬ್ಬಿರುತ್ತದೆ. ಸೋಂಕು ತಗುಲಿದರೂ ಗುರುತು ಮೂಡಲು ವಾರಗಳೇ ಹಿಡಿಯುವುದರಿಂದ ಒಂದು ಸುತ್ತಿಗೆ ಕೆಲಸ ಮುಗಿಯಿತೆಂದು ಭಾವಿಸಬಾರದು.

ಇದೇ ಕಾರಣಕ್ಕೆ, ನೋಡಲು ಹಸಿರಾಗಿದೆಯೆಂದು ಪಕ್ಕದ ತೋಟದಿಂದ ಕಂದು ತಂದು ನೆಡುವುದೂ ಅಪಾಯಕರ. ಕಟ್ಟೆ ರೋಗ ಬೀಜದಿಂದ ಬರುವುದಿಲ್ಲವಾದ್ದರಿಂದ ಬೀಜದ ಸಸಿಗಳು ಒಳ್ಳೆಯವು, ಆದರೆ ಸಸಿಮಡಿ ರೋಗವಿರುವ ತೋಟದಿಂದ ದೂರವಿರಲೇಬೇಕು. ಕಂದಿನಿಂದಲೇ ನೆಡುವವರು ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಕಟ್ಟೆ ನಿರೋಧಕ ತಳಿಗಳಾದ ವಿಜೇತ ಮತ್ತು ಅಪ್ಪಂಗಳ-2ರ ಬಗ್ಗೆ ವಿಚಾರಿಸಬಹುದು. ತೋಟದ ಬದಿಯ ತೋಡಿನಲ್ಲಿ ತಾನಾಗಿ ಬೆಳೆದ ಕೆಸುವಿನ ಮೇಲೂ ಈ ಹೇನುಗಳು ಸಂತಾನ ಬೆಳೆಸುವುದರಿಂದ, ಅದನ್ನು ಮಳೆ ಕಳೆದ ಕೂಡಲೇ, ಹೇನುಗಳ ಸಂಖ್ಯೆ ಏರುವ ಬೇಸಿಗೆಗೆ ಮೊದಲೇ, ಕಿತ್ತು ತೆಗೆಯಿರಿ.