ಯಾರಿಗೂ ಹೇಳಬೇಡಿ ಎನ್ನುವ ಫೋನು

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹಾವೇರಿ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನಮಗೆ ಹತ್ತಿರ. ಸುಗ್ಗಿಯ ದಿನಗಳಲ್ಲಿ ನಮ್ಮ ಕೌಂಟರಿಗೆ ಬರುತ್ತಿದ್ದ ನೋಟುಗಳಿಗೂ ಘಾಟು ಅಂಟಿರುತ್ತಿತ್ತು. ಎಣಿಸುತ್ತ ಎಣಿಸುತ್ತ ಕ್ಯಾಷಿಯರ್ ಸೀನುತ್ತಿದ್ದರು. ಆ ನೋಟು ತರುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೂಲಿ ಗಳಿಸುವವರು. ಅವರ ಬೆರಳ ತುದಿ ಸದಾ ಕೆಂಪು. ಹೆಬ್ಬೆಟ್ಟಿನ ಗುರುತು ಒತ್ತಿಸಿಕೊಳ್ಳುವಾಗ ಕೈ ಹಿಡಿದರೆ ನಮ್ಮ ಕೈಯೂ ಉರಿಯುತ್ತಿತ್ತು.

2018ರ ಬೇಸಿಗೆಗೆ ಮುಂಚೆ, ಅಂಥ ಒಬ್ಬ ತಾಯಿ ಬಂದರು. ಅರುವತ್ತರ ಆಸುಪಾಸು. ಸೆರಗಿನ ಗಂಟು ಬಿಚ್ಚಿ 12,000 ರೂಪಾಯಿ ತೆಗೆದಿಟ್ಟರು. ಜೊತೆಗೊಂದು ನೋಟ್‌ಬುಕ್ಕಿನ ಹಾಳೆ. ಮೊಮ್ಮಗನ ಕೈಬರಹದಲ್ಲಿ ಒಂದು ಹೆಸರು, ಖಾತೆ ಸಂಖ್ಯೆ, ಯಾವುದೋ ದೂರದ ರಾಜ್ಯದ ಶಾಖೆ. ಆ ಖಾತೆಗೆ ದುಡ್ಡು ಹಾಕಬೇಕಂತೆ. ನಾನು ಕೇಳಿದೆ, "ಯಾರಿಗಬೇ ಯವ್ವಾ, ಇಷ್ಟು ರೊಕ್ಕ?" ಅವರು ತಟ್ಟನೆ ಹೇಳಿದರು, "ನಮ್ಮ ತಮ್ಮನ ಮಗಗ್ರೀ. ಅಲ್ಲೆ ದುಡಿಯಾಕ ಹೋಗ್ಯಾನ." ಹಿಂದೆ ಸಾಲು ದೊಡ್ಡದಿತ್ತು. ಚಲನ್ ನೋಡಿ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮುಂಚೆಯೇ ಆಕೆ ಮೆಟ್ಟಿಲ ಮೇಲೆ ಕುಳಿತಿದ್ದರು. ಈ ಸಲ ಅವರ ಉಳಿತಾಯ ಖಾತೆಯಿಂದ 25,000 ತೆಗೆಯಬೇಕಿತ್ತು. ನಾನು ಒಳಗೆ ಕರೆದು ಕುರ್ಚಿ ಕೊಟ್ಟು ನೀರು ಕೊಟ್ಟೆ. ಮತ್ತೂ ತಮ್ಮನ ಮಗನಿಗೇನಾ ಅಂತ ಕೇಳಿದೆ. ಆಕೆ ತಲೆ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದರು: "ಯಾರ ಮುಂದೂ ಹೇಳಬ್ಯಾಡ ಅಂದಾರ್ರೀ. ಹೇಳಿದ್ರ ಲಾಟ್ರಿ ರದ್ದಾಗ್ತೈತಂತ."

ಕೇಳುಗರೆ, ಇವತ್ತು ನಾನು ಮಾತಾಡಬೇಕೆಂದಿರುವುದು ಈ ಒಂದು ಮಾತಿನ ಬಗ್ಗೆಯೇ. ಯಾರಿಗೂ ಹೇಳಬೇಡಿ. ಸುಳ್ಳು ಬಹುಮಾನದ ಫೋನು ಮಾಡುವವರ ಕೈಯಲ್ಲಿ ಎಷ್ಟೋ ಉಪಾಯಗಳಿವೆ. ಆದರೆ ಈ ಮಾತು ಇಲ್ಲದೆ ಅವು ಯಾವುವೂ ಎರಡು ದಿನ ನಡೆಯುವುದಿಲ್ಲ.

ಆ ಮೊಮ್ಮಗನ ಮೊಬೈಲನ್ನು ಆಮೇಲೆ ನಾನೇ ನೋಡಿದೆ. ವಾಟ್ಸಾಪ್‌ನಲ್ಲಿ ಒಂದು ಚಿತ್ರ. ಮೇಲೆ 'ಕೌನ್ ಬನೇಗಾ ಕರೋಡ್‌ಪತಿ' ಅಂತ ದೊಡ್ಡಕ್ಷರ, ಅಮಿತಾಭ್ ಬಚ್ಚನ್ ಅವರ ಫೋಟೊ, ಪಕ್ಕದಲ್ಲಿ ಪ್ರಧಾನಮಂತ್ರಿಗಳ ಫೋಟೊ, ಕೆಳಗೆ ಒಂದು ಲಾಟರಿ ನಂಬರು, 25 ಲಕ್ಷ ರೂಪಾಯಿ, ನೇರಳೆ ಬಣ್ಣದ ಮೊಹರು, 'ಬ್ಯಾಂಕ್ ಮ್ಯಾನೇಜರ್' ಎಂದು ಒಬ್ಬರ ಹೆಸರು. ಜೊತೆಗೆ ಹಿಂದಿಯಲ್ಲಿ ಒಂದು ಧ್ವನಿ ಸಂದೇಶ: ನಿಮ್ಮ ಸಿಮ್ಮಿಗೆ ಬಹುಮಾನ ಬಂದಿದೆ, ಈ ಮ್ಯಾನೇಜರ್ ನಂಬರನ್ನು ಸೇವ್ ಮಾಡಿಕೊಳ್ಳಿ, ವಾಟ್ಸಾಪ್‌ನಲ್ಲಿ ಮಾತ್ರ ಕರೆ ಮಾಡಿ. ಆ ನಂಬರು +92ರಿಂದ ಶುರುವಾಗುತ್ತಿತ್ತು. ನಮ್ಮ ದೇಶದ ನಂಬರುಗಳು +91. ತೊಂಬತ್ತೆರಡು ಅಂದರೆ ಪಾಕಿಸ್ತಾನದ್ದು. ಹಳ್ಳಿಯಲ್ಲಿ ಯಾರು ಆ ಎರಡಂಕಿ ನೋಡುತ್ತಾರೆ? ಫೋಟೊ ನೋಡುತ್ತಾರೆ, ಮೊಹರು ನೋಡುತ್ತಾರೆ.

ಆ ಟಿವಿ ಕಾರ್ಯಕ್ರಮಕ್ಕೂ ಈ ಸಂದೇಶಕ್ಕೂ ಏನೇನೂ ಸಂಬಂಧವಿಲ್ಲ. ಅಲ್ಲಿ ತಾವಾಗಿಯೇ ಭಾಗವಹಿಸಿ, ಪ್ರಶ್ನೆಗಳಿಗೆ ಉತ್ತರ ಹೇಳಿದವರಿಗೆ ಮಾತ್ರ ದುಡ್ಡು. ದೆಹಲಿ ಪೊಲೀಸರ ಸೈಬರ್ ವಿಭಾಗ ಈ ಮೋಸದ ಬಗ್ಗೆ ಎಚ್ಚರಿಕೆ ಕೊಟ್ಟಾಗ ಅದರ ನಡೆಯನ್ನೂ ವಿವರಿಸಿತ್ತು. ಮೊದಲು ಸಂಸ್ಕರಣಾ ಶುಲ್ಕ, ಜಿಎಸ್‌ಟಿ ಎಂದು ಸಣ್ಣ ಮೊತ್ತ. ಅದು ಬಂದ ಕೂಡಲೇ, ನಿಮ್ಮ ಬಹುಮಾನ 25 ಲಕ್ಷದಿಂದ 45 ಲಕ್ಷಕ್ಕೆ ಏರಿದೆ, ಇನ್ನಷ್ಟು ಕಟ್ಟಿ. ಆಮೇಲೆ 75 ಲಕ್ಷ. ಕಟ್ಟಿದ ದುಡ್ಡು ಕಳೆದುಕೊಳ್ಳಬಾರದೆಂಬ ಸಂಕಟಕ್ಕೇ ಜನ ಮತ್ತೆ ಕಟ್ಟುತ್ತಾರೆ. ಇದನ್ನು ದುರಾಸೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಆ ತಾಯಿ 25,000 ತೆಗೆಯಲು ಬಂದದ್ದು ಹಿಂದಿನ ದಿನದ 12,000ವನ್ನು ಉಳಿಸಿಕೊಳ್ಳುವುದಕ್ಕಾಗಿ.

ಆಕೆ ಜೀವಮಾನದಲ್ಲಿ ಒಂದು ಲಾಟರಿ ಟಿಕೆಟ್ ಕೊಂಡವರಲ್ಲ. ಬಸ್ ನಿಲ್ದಾಣದಲ್ಲಿ ಲಾಟರಿ ಟಿಕೆಟ್ಟುಗಳನ್ನು ದಾರಕ್ಕೆ ನೇತುಹಾಕಿ ಮಾರುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಎಷ್ಟೋ ಕುಟುಂಬಗಳು ಅದರಿಂದ ಹಾಳಾದವು. ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತುಹೋಯಿತು. ಪಕ್ಕದ ಕೇರಳದಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ, 1967ರಿಂದ. 2024ರಲ್ಲಿ ಅಲ್ಲಿನ ಓಣಂ ಬಂಪರಿನ 25 ಕೋಟಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂತು. ಆದರೆ ಅವರ ಕೈಯಲ್ಲಿ ವಯನಾಡಿನಲ್ಲಿ ಕೊಂಡ ಕಾಗದದ ಟಿಕೆಟ್ ಇತ್ತು. ಅಸಲು ಟಿಕೆಟ್ ಒಪ್ಪಿಸದೆ ಅಲ್ಲಿ ಒಂದು ರೂಪಾಯಿಯೂ ಸಿಗುವುದಿಲ್ಲ. ತೆರಿಗೆಯ ವಿಚಾರವೂ ಹಾಗೆಯೇ. ಲಾಟರಿ ಬಹುಮಾನಕ್ಕೆ ಶೇಕಡಾ 30ರಷ್ಟು ಆದಾಯ ತೆರಿಗೆ ಇದೆ, ನಿಜ. ಅದನ್ನು ಬಹುಮಾನದ ದುಡ್ಡಿನಲ್ಲೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಮೊದಲು ತೆರಿಗೆ ಕಟ್ಟಿ, ಆಮೇಲೆ ಬಹುಮಾನದ ದುಡ್ಡು ಒಯ್ಯಿರಿ ಎನ್ನುವ ಪದ್ಧತಿ ಲಾಟರಿಯಲ್ಲಿ ಇಲ್ಲ.

ಇನ್ನು ಬ್ಯಾಂಕಿನ ವಿವರದ ಸಂಗತಿ. ಆ ಮೊಮ್ಮಗ ಅಜ್ಜಿಯ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಕಳಿಸಿದ್ದ. ಎಟಿಎಂ ಕಾರ್ಡಿನ ಎರಡೂ ಮಗ್ಗುಲಿನ ಫೋಟೊ ಕಳಿಸಿದ್ದ. ಬಹುಮಾನ ಜಮಾ ಮಾಡಲು ಬೇಕು ಅಂದಿದ್ದರಂತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ನಿಮ್ಮ ಖಾತೆಗೆ ಯಾರಾದರೂ ದುಡ್ಡು ಹಾಕಬೇಕಾದರೆ ಖಾತೆ ಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಸಂಖ್ಯೆ ಸಾಕು. ಕಾರ್ಡು ಯಾಕೆ ಬೇಕು? ಕಾರ್ಡಿನ ಮುಂದಿರುವ 16 ಅಂಕಿ, ಅವಧಿ ಮುಗಿಯುವ ತಿಂಗಳು, ಹಿಂದಿರುವ 3 ಅಂಕಿ, ಆಮೇಲೆ ನಿಮ್ಮ ಮೊಬೈಲಿಗೆ ಬರುವ ಓಟಿಪಿ. ಈ ನಾಲ್ಕು ಸೇರಿದರೆ ಅವರು ನಿಮ್ಮ ದುಡ್ಡಿನಲ್ಲಿ ಎಲ್ಲೋ ಕುಳಿತು ಖರೀದಿ ಮಾಡಬಹುದು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. "ಅರ್ಥವಾಗದ ಅಕ್ಷರಗಳ ಒಂದು ಮೆಸೇಜ್ ಕಳಿಸಿದ್ದೇನೆ, ಅದನ್ನು ಹಾಗೇ ಈ ನಂಬರಿಗೆ ಎಸ್‌ಎಂಎಸ್ ಮಾಡಿ" ಅನ್ನುತ್ತಾರೆ. ಯುಪಿಐ ಆ್ಯಪು ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ಖಾತೆಗೆ ಜೋಡಿಸಿದ ಸಿಮ್ಮಿನಿಂದಲೇ ಅಂಥ ಎಸ್‌ಎಂಎಸ್ ಹೋಗಬೇಕು. ನೀವು ಕಳಿಸಿದ ಕೂಡಲೇ ನಿಮ್ಮ ನಂಬರಿನ ಯುಪಿಐ ಅವರ ಫೋನಿನಲ್ಲಿ ತೆರೆದುಕೊಳ್ಳುತ್ತದೆ. ಆಮೇಲೆ ಡೆಬಿಟ್ ಕಾರ್ಡಿನ ಕೊನೆಯ 6 ಅಂಕಿ, ಅವಧಿ, ಒಂದು ಓಟಿಪಿ. ಅಷ್ಟಾದರೆ ಹೊಸ ಪಿನ್ನನ್ನೂ ಅವರೇ ಇಟ್ಟುಕೊಳ್ಳುತ್ತಾರೆ. ಇನ್ನು ಕೆಲವರು ಫೋನಿನ ಪರದೆಯನ್ನು ದೂರದಿಂದಲೇ ನೋಡುವ ಆ್ಯಪು ಹಾಕಿಸುತ್ತಾರೆ. ಇಂಥ ಆ್ಯಪುಗಳ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ದುಡ್ಡು ಬರಬೇಕಾದರೆ ಪಿನ್ ಒತ್ತಿ ಅಂದವರನ್ನಂತೂ ನಂಬಲೇಬೇಡಿ. ಯುಪಿಐ ಪಿನ್ ಒತ್ತುವುದು ದುಡ್ಡು ಕೊಡುವುದಕ್ಕೆ, ಪಡೆಯುವುದಕ್ಕಲ್ಲ.

ಬ್ಯಾಂಕಿನ ಸಂದೇಶಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರುತ್ತವೆ. ಇದು ನನ್ನ ಬಹಳ ದಿನದ ನೋವು. 'ಈ ಓಟಿಪಿಯನ್ನು ಯಾರಿಗೂ ಕೊಡಬೇಡಿ' ಅಂತ ಅದರಲ್ಲೇ ಬರೆದಿರುತ್ತದೆ, ಓದಲು ಬಾರದವರಿಗೆ ಅದು ಬರೀ ಅಂಕಿಯಾಗಿ ಕಾಣುತ್ತದೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಅಪ್ಪ, ಅವ್ವ, ಅಜ್ಜಿಗೆ ಎರಡೇ ಎರಡು ಪದ ಗುರುತಿಸಲು ಕಲಿಸಿ. ಡೆಬಿಟೆಡ್ ಅಂದರೆ ಹೋಯಿತು, ಕ್ರೆಡಿಟೆಡ್ ಅಂದರೆ ಬಂತು. ಒಂದು ವಾರ ದಿನಾ ತೋರಿಸಿದರೆ ಕಣ್ಣಿಗೆ ಹತ್ತುತ್ತದೆ.

ನಾನು ಆ ಬೆಳಿಗ್ಗೆ ಮಾಡಿದ ಮೊದಲ ಕೆಲಸ ಕಾರ್ಡ್ ಬ್ಲಾಕ್ ಮಾಡಿಸಿದ್ದು. ಖಾತೆಯಲ್ಲಿದ್ದದ್ದು ಉಳಿಯಿತು. ಆದರೆ ಹಿಂದಿನ ದಿನದ 12,000? ದುಡ್ಡು ಹೋದ ಶಾಖೆಗೆ ಫೋನು ಮಾಡಿದೆ. ಹಾಕಿದ ದಿನದ ಸಂಜೆಯೇ ಎಟಿಎಂನಿಂದ ತೆಗೆದಿದ್ದರು. ನಾನು ಸಹಿ ಹಾಕಿದ ಚಲನ್ ಅದು. ಸಾಲು ದೊಡ್ಡದಿತ್ತೆಂದು ಎರಡನೆಯ ಪ್ರಶ್ನೆ ಕೇಳದೆ ಬಿಟ್ಟೆನಲ್ಲ ಎಂಬುದು ಇವತ್ತಿಗೂ ಮನಸ್ಸಿನಲ್ಲಿದೆ.

ಆಗ ಇಲ್ಲದ್ದೊಂದು ಈಗ ಇದೆ. ಕಾಗದ ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಬಾಯಿಪಾಠ ಮಾಡಿ: 1930. ಒಂದು, ಒಂಬತ್ತು, ಮೂರು, ಸೊನ್ನೆ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ನೀವು ಕರೆ ಮಾಡಿ ವಿವರ ಕೊಟ್ಟರೆ ಅದು ದುಡ್ಡು ಹೋದ ಬ್ಯಾಂಕಿಗೆ ತಲುಪುತ್ತದೆ. ದುಡ್ಡು ಆ ಖಾತೆಯಲ್ಲಿ ಇನ್ನೂ ಇದ್ದರೆ ಅಲ್ಲೇ ತಡೆಹಿಡಿಯುತ್ತಾರೆ. ಅಲ್ಲಿಂದ ಮುಂದಿನ ಬ್ಯಾಂಕಿಗೆ ಜಾರಿದ್ದರೆ ದೂರು ಅದರ ಬೆನ್ನು ಹತ್ತಿ ಹೋಗುತ್ತದೆ. ಕಳ್ಳರು ಇದಕ್ಕೆಂದೇ ಬಡವರಿಂದ, ಓದುವ ಹುಡುಗರಿಂದ ಖಾತೆಗಳನ್ನು ಬಾಡಿಗೆಗೆ ಪಡೆದಿರುತ್ತಾರೆ. ಒಂದರಿಂದ ಇನ್ನೊಂದಕ್ಕೆ ದಾಟಿಸಿ, ಕೊನೆಗೆ ಎಟಿಎಂನಿಂದ ನಗದಾಗಿ ತೆಗೆಯುತ್ತಾರೆ. ನಗದಾದ ಮೇಲೆ ಹಿಡಿಯುವುದು ಬಹಳ ಕಷ್ಟ. ಹಾಗಾಗಿ ಮೊದಲ ಒಂದೆರಡು ಗಂಟೆಗೆ ಇರುವ ಬೆಲೆ ಮರುದಿನಕ್ಕೆ ಇಲ್ಲ. ಕರೆ ಮಾಡುವಾಗ ಪಾಸ್‌ಬುಕ್ ಮತ್ತು ದುಡ್ಡು ಹೋದ ಸಂದೇಶ ಕೈಯಲ್ಲಿರಲಿ. ಎಷ್ಟು ಹೋಯಿತು, ಎಷ್ಟು ಗಂಟೆಗೆ, ವ್ಯವಹಾರದ ಸಂಖ್ಯೆ ಯಾವುದು ಅಂತ ಕೇಳುತ್ತಾರೆ. ಓಟಿಪಿ, ಪಿನ್ ಕೇಳುವುದಿಲ್ಲ. ಆಮೇಲೆ ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ. ಅದು ಗೊತ್ತಾಗದಿದ್ದರೆ ಜಿಲ್ಲೆಯಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗೆ ಹೋಗಿ.

ಬ್ಯಾಂಕಿಗೂ ಆ ಕೂಡಲೇ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಓಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ತಿಳಿಸಿದ ಹೊತ್ತನ್ನು, ಕೊಟ್ಟ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೆ ಆ ರಾತ್ರಿಯಲ್ಲಿ ಹೋದದ್ದೂ ನಮ್ಮ ಲೆಕ್ಕಕ್ಕೇ ಬರುತ್ತದೆ. ಕೆಲವು ದಿನ ಬಿಟ್ಟು "ಕಳೆದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಶುಲ್ಕ ಕಟ್ಟಿ" ಅಂತ ಇನ್ನೊಂದು ಫೋನು ಬಂದರೆ, ಅದೂ ಅದೇ ಮೋಸ.

ಈಗ ಮನೆಯವರಿಗೆ ಒಂದು ಮಾತು. ಆ ದಿನ ಮಧ್ಯಾಹ್ನ ಆ ತಾಯಿಯ ಮಗ ಬಂದ. ಶಾಖೆಯ ನಡುವೆ ನಿಂತು, ಇಡೀ ಸಾಲಿನೆದುರು ತಾಯಿಯನ್ನು ಬೈದ. "ಬುದ್ಧಿ ಐತೇನ್ ನಿನಗ?" ಅವನ ಸಂಕಟ ನನಗೆ ಅರ್ಥವಾಗುತ್ತದೆ, ಆ ದುಡ್ಡಿನಲ್ಲಿ ಅವನ ಬೆವರೂ ಇತ್ತು. ಆದರೆ ಆಕೆ ಎರಡು ದಿನ ಬಾಯಿ ಮುಚ್ಚಿಕೊಂಡದ್ದು ಕಳ್ಳ ಹೇಳಿದ್ದಕ್ಕೆ ಮಾತ್ರವಲ್ಲ, ಈ ಬೈಗುಳದ ಹೆದರಿಕೆಗೂ ಹೌದು. ಮೊದಲ ದಿನ ಬೆಳಿಗ್ಗೆ ಮಗನ ಮುಂದೆ ಒಂದು ಮಾತು ಆಡಿದ್ದರೆ 12,000 ಹೋಗುತ್ತಿರಲಿಲ್ಲ. ಕಳ್ಳನಿಗೆ ನಮ್ಮ ಮನೆಗಳು ಚೆನ್ನಾಗಿ ಗೊತ್ತು. ಹಿರಿಯರು ಮಕ್ಕಳಿಗೆ ಹೆದರಿ ಮುಚ್ಚಿಡುತ್ತಾರೆ, ಮಕ್ಕಳು ಹಿರಿಯರಿಗೆ ಹೆದರಿ ಮುಚ್ಚಿಡುತ್ತಾರೆ ಎಂಬುದು ಅವನಿಗೆ ಗೊತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಸಿಕ್ಕಿಬಿದ್ದರೆ, ದಯವಿಟ್ಟು ಅವತ್ತು ಬೈಯಬೇಡಿ. ಪಕ್ಕದಲ್ಲಿ ಕುಳಿತು ಫೋನು ಹಚ್ಚಿ ಕೊಡಿ.

ಆ ಮೇಲೆ ಆ ತಾಯಿ ಬ್ಯಾಂಕಿಗೆ ಬರುವುದನ್ನೇ ಬಿಟ್ಟರು. ಮೊಮ್ಮಗನೂ ಬರುತ್ತಿರಲಿಲ್ಲ. ಒಂದು ವರ್ಷ ಕಳೆದಿರಬೇಕು, ಪೇಟೆಯ ದಿನವೇ, ಸಾಲಿನಲ್ಲಿ ನಿಲ್ಲದೆ ನೇರ ನನ್ನ ಮೇಜಿಗೆ ಬಂದರು. ಕೈಯಲ್ಲಿ ಅಂಚೆಯಲ್ಲಿ ಬಂದ ಒಂದು ಲಕೋಟೆ. ಒಳಗೆ ಯಾವುದೋ ಆನ್‌ಲೈನ್ ಅಂಗಡಿಯ ಹೆಸರು ಅಚ್ಚು ಹಾಕಿದ ಬಣ್ಣದ ಕಾಗದ, ಕೆರೆದು ನೋಡುವ ಬೆಳ್ಳಿ ಬಣ್ಣದ ಪಟ್ಟಿ, ಒಂದು ಸಹಾಯವಾಣಿ ನಂಬರು. ಹಳ್ಳಿ ಹಳ್ಳಿಗೆ ಇಂಥವು ಬರುತ್ತಿದ್ದ ಸಮಯವದು. ಆಕೆ ಪಟ್ಟಿಯನ್ನು ಕೆರೆದಿರಲಿಲ್ಲ.

"ಮೊದಲ ನಿಮ್ಮ ಮುಂದ ಹೇಳ್ಬೇಕಂತ ಬಂದೇನ್ರೀ" ಅಂದರು.

ಇಬ್ಬರೂ ಸೇರಿ ಒಂದು ರೂಪಾಯಿ ನಾಣ್ಯದಿಂದ ಕೆರೆದೆವು. ಕಾರಿನ ಚಿತ್ರ, ಅದರ ಕೆಳಗೆ ಲಕ್ಷಗಳ ಲೆಕ್ಕ. ಆಕೆಯ ಒಪ್ಪಿಗೆ ಪಡೆದು, ವಿಳಾಸದ ಭಾಗ ಕತ್ತರಿಸಿ, 'ಇದು ಮೋಸ, ಬಂದರೆ ನಮಗೆ ತೋರಿಸಿ' ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೌಂಟರಿನ ಪಕ್ಕದ ಗೋಡೆಗೆ ಅಂಟಿಸಿದೆ. ಆ ತಿಂಗಳಲ್ಲೇ ಇನ್ನೂ ಮೂವರು ಇಂಥದೇ ಲಕೋಟೆ ಹಿಡಿದು ನನ್ನ ಮೇಜಿಗೆ ಬಂದರು.

ನಮಸ್ಕಾರ.