ಮುನ್ಸಿಂಗ್‌ವೇರ್ ಓಪನ್ ಕೆಎಸ್‌ಬಿ ಕಪ್: 36 ಹೋಲ್‌ಗಳ ಆ ಭಾನುವಾರ

ಎಲ್ಲರಿಗೂ ನಮಸ್ಕಾರ. ಜಪಾನಿನ ಪುರುಷರ ಗಾಲ್ಫ್ ಟೂರ್‌ನಲ್ಲಿ, ಅಂದರೆ ವರ್ಷದ ಟೂರ್ನಿಗಳ ಸರಣಿಯಲ್ಲಿ, ನಿಂತುಹೋದ ಟೂರ್ನಿಗಳ ಪಟ್ಟಿ ಉದ್ದವಾಗಿದೆ. ಅದರಲ್ಲಿ ಇವತ್ತು ಒಂದನ್ನೇ ತೆಗೆದುಕೊಳ್ಳೋಣ: ಮುನ್ಸಿಂಗ್‌ವೇರ್ ಓಪನ್ ಕೆಎಸ್‌ಬಿ ಕಪ್. 2008ರ ನಂತರ ಅದು ನಡೆಯಲಿಲ್ಲ. ಆದರೂ 2007ರ ಮೇ 20ರಂದು ಅಲ್ಲಿ ಆದದ್ದನ್ನು ಬಿಟ್ಟು ಜಪಾನಿನ ಗಾಲ್ಫ್ ಚರಿತ್ರೆ ಬರೆಯಲು ಬರುವುದಿಲ್ಲ.

ಮೊದಲು ಹೆಸರಿನ ಲೆಕ್ಕ. ಮುನ್ಸಿಂಗ್‌ವೇರ್ ಪೆಂಗ್ವಿನ್ ಗುರುತಿನ ಉಡುಪು. ಜಪಾನಿನಲ್ಲಿ ಅದು ಡೆಸೆಂಟ್ ಕಂಪನಿಯ ಕೈಯಲ್ಲಿದೆ. ಕೆಎಸ್‌ಬಿ ಎಂದರೆ ಸೆಟೊ ಒಳಸಮುದ್ರದ ಎರಡೂ ದಡದ ಕಾಗಾವಾ, ಒಕಾಯಾಮಾ ಪ್ರಾಂತ್ಯಗಳ ಟಿವಿ ವಾಹಿನಿ. ಇಬ್ಬರೂ ಬೇರೆ ಬೇರೆ ನಡೆಸುತ್ತಿದ್ದ ಟೂರ್ನಿಗಳು 2000ರಲ್ಲಿ ಒಂದಾದವು. ಜಪಾನಿನಲ್ಲಿ ಟೂರ್ನಿ ಹೆಚ್ಚಾಗಿ ಪ್ರಾಯೋಜಕರದ್ದೇ. ಬಹುಮಾನ, ಮೈದಾನದ ಬಾಡಿಗೆ, ಪ್ರಸಾರದ ಖರ್ಚು ಎಲ್ಲವನ್ನೂ ಅವರೇ ಹೊರುತ್ತಾರೆ, ಟೂರ್ ಮಾನ್ಯತೆ ಕೊಡುತ್ತದೆ. ಪ್ರಾಯೋಜಕರು ಹಿಂದೆ ಸರಿದರೆ ಟೂರ್ನಿಯೂ ಹೋಯಿತು. 1990ರ ಸುಮಾರಿಗೆ ವರ್ಷಕ್ಕೆ 40ಕ್ಕೂ ಹೆಚ್ಚು ಟೂರ್ನಿಗಳಿದ್ದವು. 2007ರ ಹೊತ್ತಿಗೆ 25ರ ಆಸುಪಾಸಿಗೆ ಇಳಿದಿದ್ದವು.

ಈಗ 2007ಕ್ಕೆ ಬರೋಣ. ಒಕಾಯಾಮಾದ ತಮಾನೊ ಊರಿನ ತೋಜಿಗಾವೋಕಾ ಮರೀನ್ ಹಿಲ್ಸ್, ಸಮುದ್ರ ಕಾಣುವ ಗುಡ್ಡದ ಮೈದಾನ. ಗುರುವಾರದ ಮೊದಲ ಸುತ್ತು ಗಾಳಿಯ ಹೊಡೆತಕ್ಕೆ ರದ್ದಾಯಿತು. ಮಳೆಯಲ್ಲಿ ಆಡಬಹುದಲ್ಲ, ಗಾಳಿಗೇಕೆ ನಿಲ್ಲಿಸಬೇಕು ಎಂದು ಕೇಳುವವರಿದ್ದಾರೆ. ಗ್ರೀನ್, ಅಂದರೆ ಹೋಲಿನ ಸುತ್ತಲ ನುಣುಪು ಅಂಗಳದ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿರುತ್ತಾರೆ. ಅಷ್ಟು ನುಣುಪಿನ ಮೇಲೆ ನಿಂತ ಚೆಂಡು ಗಾಳಿಗೆ ತಾನಾಗಿ ಉರುಳತೊಡಗಿದರೆ ಪಟ್ ಮಾಡುವ (ಚೆಂಡನ್ನು ಮೆಲ್ಲಗೆ ಹೋಲಿಗೆ ಉರುಳಿಸುವ) ಮಾತೇ ಇಲ್ಲ. ಯಾರ ಸ್ಕೋರೂ ನ್ಯಾಯವಾಗಿ ಉಳಿಯುವುದಿಲ್ಲ.

ಸಮಿತಿಯ ಮುಂದಿದ್ದ ದಾರಿ ಎರಡು. ಸುತ್ತಿಗೆ 18 ಹೋಲಿನಂತೆ ಮೂರೇ ಸುತ್ತು, 54 ಹೋಲ್‌ಗಳಿಗೆ ಮುಗಿಸಬಹುದು, ಆದರೆ ಹಾಗೆ ಮಾಡಿದರೆ ಆಟಗಾರರ ಗಳಿಕೆಯ ಲೆಕ್ಕವಾದ ಹಣಪಟ್ಟಿಗೆ ಪೂರ್ತಿ ಮೊತ್ತ ಸೇರುವುದಿಲ್ಲ. ಇಲ್ಲವೇ ಕೊನೆಯ ದಿನ ಎರಡು ಸುತ್ತು ಆಡಿಸಬೇಕು. ಎರಡನೆಯದನ್ನೇ ಆರಿಸಿದರು. ಇಂಥ ದಿನ ಹೇಗೆ ಹೊಂದುತ್ತದೆ ನೋಡಿ: ಕಟ್ ದಾಟಿದವರು, ಅಂದರೆ ಮೊದಲೆರಡು ಸುತ್ತಿನ ಬಳಿಕ ಆಟದಲ್ಲಿ ಉಳಿದವರು, ಸುಮಾರು 60 ಜನ, ಮೂವರಂತೆ 20 ಗುಂಪು ಎಂದುಕೊಳ್ಳಿ. ಒಂದನೇ ಟೀಯಿಂದಲೇ (ಹೋಲಿನ ಮೊದಲ ಹೊಡೆತದ ಜಾಗ) ಹತ್ತು ನಿಮಿಷಕ್ಕೊಂದು ಗುಂಪು ಬಿಟ್ಟರೆ ಕೊನೆಯವರು ಹೊರಡುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ. ಒಂದು ಮತ್ತು ಹತ್ತನೇ ಟೀ ಎರಡರಿಂದಲೂ ಬಿಟ್ಟರೆ ಒಂದೂವರೆ ಗಂಟೆ ಸಾಕು. ಸುತ್ತಿಗೆ ಐದು ಗಂಟೆ, ನಡುವೆ ಚಿಕ್ಕ ವಿರಾಮ. ಒಟ್ಟು ಹನ್ನೆರಡು ಗಂಟೆಯ ಹತ್ತಿರ ಬರುತ್ತದೆ. ಮೇ ತಿಂಗಳ ಬೆಳಕು ಹದಿನಾಲ್ಕು ಗಂಟೆ. ಮಂಜೋ ಮಳೆಯೋ ಅರ್ಧ ದಿನ ತಿಂದರೆ ಎಲ್ಲವೂ ಸೋಮವಾರಕ್ಕೆ. ಗುಡ್ಡ ಹತ್ತಿಳಿಯುತ್ತಾ ನಡೆಯುವ ದೂರವೇ ಹದಿನೆಂಟು ಕಿಲೋಮೀಟರಿನಷ್ಟಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ದಣಿವು ಮೊದಲು ಕಾಣಿಸುವುದು ಪಟ್ಟಿಂಗ್‌ನಲ್ಲಿ.

ಆ ಭಾನುವಾರದ ಮೈದಾನದಲ್ಲಿ 15 ವರ್ಷದ ರ್ಯೋ ಇಶಿಕಾವಾ ಇದ್ದ. ಸುಗಿನಾಮಿ ಗಾಕುಯಿನ್ ಪ್ರೌಢಶಾಲೆಯ ಹುಡುಗ, ಹವ್ಯಾಸಿ, ವೃತ್ತಿಪರ ಟೂರ್ನಿಯಲ್ಲಿ ಮೊದಲ ಸಲ. ಮೊದಲೆರಡು ಸುತ್ತು 72, 69 (ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಮೇಲು). ಅದರಲ್ಲಿ ಗೆಲುವಿನ ಸುಳಿವೇನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ 69, ಮಧ್ಯಾಹ್ನ 66. ದಣಿವಿನ ಸುತ್ತಿನಲ್ಲಿ ಆತನ ಅತ್ಯುತ್ತಮ ಸ್ಕೋರ್! 17ನೇ ಹೋಲಿನಲ್ಲಿ ಚೆಂಡು ಮರಳಿನ ಹೊಂಡವಾದ ಬಂಕರಿಗೆ ಬಿತ್ತು. ಅಂಥ ಕಡೆ ಕ್ಲಬ್ಬಿನ ಮುಖ ತೆರೆದು, ಚೆಂಡಿನ ಹಿಂದೆ ಮೂರು ನಾಲ್ಕು ಸೆಂಟಿಮೀಟರ್ ಮರಳಿಗೆ ಹೊಡೆಯಬೇಕು. ಚೆಂಡನ್ನು ಎತ್ತುವುದು ಮರಳು. ಒಂದಿಷ್ಟು ಹೆಚ್ಚು ಮರಳು ಸಿಕ್ಕರೆ ಚೆಂಡು ಅಲ್ಲೇ ಕೂರುತ್ತದೆ, ಕಡಿಮೆಯಾದರೆ ಗ್ರೀನ್ ದಾಟಿ ಹಾರುತ್ತದೆ. ಇಶಿಕಾವಾನ ಚೆಂಡು ನೇರ ಹೋಲಿಗೆ ಇಳಿದು ಬರ್ಡಿ (ನಿಗದಿತ ಹೊಡೆತಗಳಿಗಿಂತ ಒಂದು ಕಡಿಮೆ) ಆಯಿತು. ಒಟ್ಟು 276, ನಿಗದಿತ ಹೊಡೆತಗಳ ಲೆಕ್ಕವಾದ ಪಾರ್‌ಗಿಂತ 12 ಕಡಿಮೆ. ಕಾತ್ಸುಮಾಸಾ ಮಿಯಾಮೊಟೊ ಒಂದೇ ಹೊಡೆತದಿಂದ ಹಿಂದುಳಿದರು.

ವಯಸ್ಸು 15 ವರ್ಷ 245 ದಿನ. ಈ ಟೂರ್ ಗೆದ್ದ ಅತಿ ಕಿರಿಯ ಎಂಬ ಅದುವರೆಗಿನ ದಾಖಲೆ 1977ರ ಜಪಾನ್ ಓಪನ್ ಗೆದ್ದಾಗ 20 ವರ್ಷ 7 ತಿಂಗಳಾಗಿದ್ದ ಸ್ಪೇನಿನ ಸೆವೆ ಬಾಯೆಸ್ತೆರೋಸರದು. ದಾಖಲೆ ಇಷ್ಟು ದೊಡ್ಡ ಅಂತರದಿಂದ ಮುರಿಯುವುದನ್ನು ಯಾವ ಆಟದಲ್ಲೂ ಆಗಾಗ ನೋಡಲಾಗದು.

ದಾಖಲೆ ಓದುವವರು ಇಲ್ಲಿ ಒಂದನ್ನು ಗಮನಿಸಬೇಕು. ಬಹುಮಾನದ ಒಟ್ಟು ಮೊತ್ತ 10 ಕೋಟಿ ಯೆನ್, ಗೆದ್ದವರ ಪಾಲು ಅದರ ಶೇ. 20. ಹವ್ಯಾಸಿ ಅದನ್ನು ಮುಟ್ಟುವಂತಿಲ್ಲ. ಹಾಗೆಂದು ಆ ಹಣ ಪ್ರಾಯೋಜಕರಿಗೆ ವಾಪಸಾಗುವುದೂ ಇಲ್ಲ. ವೃತ್ತಿಪರರಲ್ಲಿ ಮೇಲಿದ್ದವರಿಗೆ ಸೇರುತ್ತದೆ. ಹೀಗಾಗಿ ವಿಜೇತರ ಪಟ್ಟಿಯಲ್ಲಿ ಇಶಿಕಾವಾ, ಹಣಪಟ್ಟಿಯಲ್ಲಿ 2 ಕೋಟಿ ಯೆನ್ ಮಿಯಾಮೊಟೊ ಹೆಸರಿಗೆ. ಎರಡೂ ಸರಿ. ಇದನ್ನು ತಿಳಿಯದೆ ಒಂದನ್ನು ತಪ್ಪೆಂದು ತಿದ್ದಿದರೆ ದಾಖಲೆಯೇ ಕೆಡುತ್ತದೆ. ಟೂರ್ನಿ ನಿಂತ ಮೇಲೆ ಇಂಥ ತಿದ್ದುಪಡಿಯನ್ನು ಪ್ರಶ್ನಿಸುವವರೂ ಉಳಿಯುವುದಿಲ್ಲ. ನಿಂತುಹೋದ ಟೂರ್ನಿಗಳ ಕಾಗದಪತ್ರಗಳನ್ನು ನಡೆಯುತ್ತಿರುವವುಗಳಿಗಿಂತ ಜೋಪಾನವಾಗಿ ಇಡಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಮ್ಮ ದೇಶದ ಮಟ್ಟಿಗೂ ಇದು ದೂರದ ಮಾತಲ್ಲ: ನಮ್ಮ ಗಾಲ್ಫ್ ಆಟಗಾರ ಜ್ಯೋತಿ ರಾಂಧಾವಾ 2003ರಲ್ಲಿ ಜಪಾನ್ ಟೂರ್‌ನಲ್ಲಿ ಗೆದ್ದ ಸಂಟೋರಿ ಓಪನ್ ಕೂಡ 2007ರಲ್ಲಿ ಮುಗಿಯಿತು.

ಜಪಾನ್ ಟೂರ್‌ನಲ್ಲಿ ಇಶಿಕಾವಾಗಿಂತ ಮೊದಲು ಗೆದ್ದ ಹವ್ಯಾಸಿ ಮಾಸಾಹಿರೊ ಕುರಾಮೊಟೊ, 1980ರ ಚೂಗೊಕು-ಶಿಕೊಕು ಓಪನ್‌ನಲ್ಲಿ. ನಡುವೆ 27 ವರ್ಷ ಯಾರೂ ಇಲ್ಲ. ಆಮೇಲೆ 2011ರಲ್ಲಿ ಹಿದೆಕಿ ಮಾತ್ಸುಯಾಮಾ, 2019ರಲ್ಲಿ ತಾಕುಮಿ ಕನಾಯಾ, 2021ರಲ್ಲಿ ಕೇಯ್ತಾ ನಕಾಜಿಮಾ, 2022ರಲ್ಲಿ ಎರಡು ಸಲ ತೈಗಾ ಸೆಮಿಕಾವಾ, 2023ರಲ್ಲಿ ಯೂತಾ ಸುಗಿಯುರಾ. ಇವರಲ್ಲಿ ಯಾರೂ ಗೆದ್ದಾಗ ಹದಿನೈದರ ಹತ್ತಿರವೂ ಇರಲಿಲ್ಲ.